ಭಾರಕ್ಕೆ ಬೆದರಿದ ಕಂಪ್ಯೂಟರು

ಯಜ್ಞೇಶ್ವರನ ಆವತ್ತಿನ ಗ್ರಹಚಾರ ಇಪ್ಪತ್ತೆರಡು ಚಕ್ರದ ಟ್ರೇಲರ್ ಹತ್ತಿಕೊಂಡೇ ಬಂತು.

ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯಲ್ಲಿ, ಲಾರಿಗಳನ್ನು ಸರಕಿನ ಸಮೇತ ನಿಲ್ಲಿಸಿ ತೂಗುವ ಕಾಟಾ ಒಂದರಲ್ಲಿ ಅವನು ಹನ್ನೊಂದು ವರ್ಷಗಳಿಂದ ಆಪರೇಟರ್. ಕುಂದಾಪುರದ ಕಡೆಯವನು. ದೇವರು ಅವನಿಗೆ ಎತ್ತರ ಕೊಡುವಾಗ ಲೆಕ್ಕ ಇಟ್ಟಿದ್ದ, ಅಗಲ ಕೊಡುವಾಗ ಮರೆತುಬಿಟ್ಟಿದ್ದ. ಗಾಡಿ ಬಂದು ಹೊರಗಿನ ಕಬ್ಬಿಣದ ಹಾಸಿನ ಮೇಲೆ ನಿಂತರೆ ಅದರ ತೂಕ ಕಂಪ್ಯೂಟರಿನ ಪರದೆಯಲ್ಲಿ ಮೂಡುತ್ತದೆ, ಯಜ್ಞೇಶ್ವರ ಗಾಡಿಯ ನಂಬರು ಹೊಡೆದು ಚೀಟಿ ತೆಗೆಯುತ್ತಾನೆ. ಇಷ್ಟೇ ಕೆಲಸ.

ಬೆಳಿಗ್ಗೆ ಒಂಬತ್ತಕ್ಕೆ ಟ್ರೇಲರ್ ಬಂದು ನಿಂತಿತು. ಪರದೆಯ ಮೇಲೆ ನಲವತ್ತು ಟನ್ ಎಂದು ಮೂಡಿತು. ಮರುಕ್ಷಣ 'ಟಪ್' ಎಂದು ಸದ್ದಾಗಿ, ಕಂಪ್ಯೂಟರು ಮೂರ್ಛೆ ಹೋದಂತೆ ಕಪ್ಪಾಯಿತು.

ಮತ್ತೆ ಚಾಲೂ ಮಾಡಿದ. ಅದರ ಹಿಂದೆ ಬಂದ ಸಣ್ಣ ಟೆಂಪೋಗಳೆಲ್ಲ ಸಲೀಸಾಗಿ ತೂಗಿಹೋದವು. ಇನ್ನೊಂದು ಟ್ರೇಲರ್ ಬಂದದ್ದೇ ತಡ, ಟಪ್!

ಪಕ್ಕದ ಮೇಜಿನಲ್ಲಿ ಚೀಟಿಗೆ ಮೊಹರು ಹೊಡೆಯುವ ಸೋನಾಲಿ ಡೊಂಬಿವಲಿಯಲ್ಲೇ ಹುಟ್ಟಿದವಳು. ಕನ್ನಡ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುವುದು ಅವಳ ರೂಢಿ. "ಅಂಕಲ್, ಇಸಕೋ ವಜನ್ ಸಹನ್ ನಹೀ ಹೋತಾ," ಎಂದಳು, ಇದಕ್ಕೆ ಭಾರ ತಡೆಯಲಾಗುವುದಿಲ್ಲ ಎಂದು.

"ಗಾಡಿ ನಿಂತದ್ದು ಹೊರಗೆ ಮಾರಾಯ್ತಿ. ಇದರ ತಲೆ ಮೇಲೆ ಅಲ್ಲ!" ಎಂದ ಯಜ್ಞೇಶ್ವರ. ಆದರೆ ಮೂರನೇ ಟ್ರೇಲರಿಗೂ ಅದೇ ಕತೆಯಾದಾಗ ಅವನಿಗೂ ಒಳಗೊಳಗೇ ನಂಬಿಕೆ ಬರತೊಡಗಿತು. ಐರೋಲಿಯ ಕನ್ನಡ ಸಂಘದಲ್ಲಿ ಪರಿಚಯವಾಗಿದ್ದ ಮೈಸೂರು ಕಡೆಯ ಇಂಜಿನಿಯರ್ ಕೌಶಲ್‌ಗೆ ಫೋನು ಮಾಡಿದ.

"ಅಂಕಲ್, ಹೆವಿ ಲೋಡ್ ಇದ್ದಾಗ ಮಾತ್ರ ಕ್ರ್ಯಾಶ್ ಆಗುತ್ತಾ?"

"ಹೌದು ಮಾರಾಯ, ಅದೇ ತೊಂದರೆ."

"ಲೋಡ್ ಎಷ್ಟಿರುತ್ತೆ? ತೊಂಬತ್ತು ಪರ್ಸೆಂಟ್?"

"ನಲವತ್ತು ಟನ್."

"ನಾನೇ ಬರ್ತೀನಿ," ಎಂದ ಕೌಶಲ್.

ಅವನು ಬರುವಷ್ಟರಲ್ಲಿ ಗಾಡಿಗಳ ಸಾಲು ಹೆದ್ದಾರಿ ಮುಟ್ಟಿತ್ತು. ಹಾರ್ನ್‌ಗಳ ಗಲಾಟೆಗೆ ಮಾಲಿಕ ರಿತೇಶ್ ಶೇಠನೇ ಓಡಿಬಂದ. ಶೆಕೆಗೆ ಹೀಗಾಗಿದೆ ಎಂದು ಚಾಲಕರೊಬ್ಬರು ಹೇಳಿದ್ದಕ್ಕೆ, ತನ್ನ ಟೇಬಲ್ ಫ್ಯಾನನ್ನೇ ತರಿಸಿ ಕಂಪ್ಯೂಟರಿನ ಮುಖಕ್ಕೆ ಹಿಡಿದ. ಹನ್ನೊಂದು ವರ್ಷ ಯಜ್ಞೇಶ್ವರನಿಗೆ ಸಿಗದ ಗಾಳಿ ಅದಕ್ಕೆ ಸಿಕ್ಕಿತು.

ಕಡ್ಡಿಯಂಥ ಕೌಶಲ್ ಕುರ್ಚಿಯಲ್ಲಿ ಕೂತು ಡಬ್ಬ ಬಿಚ್ಚಿದ. ಗುಬ್ಬಿಗೂಡು ಕಟ್ಟುವಷ್ಟು ಧೂಳು ತೆಗೆದ. ಮೆಮೊರಿ ಪಟ್ಟಿಗಳನ್ನು ಕಿತ್ತು, ರಬ್ಬರಿನಿಂದ ಉಜ್ಜಿ ಕೂರಿಸಿದ. ವಿದ್ಯುತ್ ಕೊಡುವ ಪೆಟ್ಟಿಗೆಯನ್ನೇ ಬದಲಿಸಿದ. ಆಮೇಲೆ ಯಂತ್ರಕ್ಕೆ ಬೇಕೆಂದೇ ಉಸಿರುಗಟ್ಟುವಷ್ಟು ಕೆಲಸ ಕೊಡುವ ಒಂದು ಪರೀಕ್ಷೆ ಹಚ್ಚಿದ. ಪರದೆಯಲ್ಲಿ ನೂರು ಪರ್ಸೆಂಟ್! ಅರ್ಧ ಗಂಟೆ ಎಲ್ಲರೂ ಹೆರಿಗೆ ಕೋಣೆಯ ಹೊರಗೆ ನಿಂತವರಂತೆ ನಿಂತರು. ಕಂಪ್ಯೂಟರು ಮಿಸುಕಲಿಲ್ಲ. ಅದರ ನಡುವೆಯೇ ಒಂದು ಟ್ರೇಲರ್ ಹತ್ತಿಸಿದರು. ತೂಕ ಬಂತು, ಚೀಟಿಯೂ ಬಂತು.

"ಗುಣ ಆಯ್ತು ಅಂಕಲ್," ಎಂದು ಕೌಶಲ್ ಹೊರಗೆ ಹೋಗಿ ಹೆಲ್ಮೆಟ್ ಹಾಕಿಕೊಂಡ.

ಯಜ್ಞೇಶ್ವರ ತನ್ನ ಜಾಗಕ್ಕೆ ಬಂದು ಕೂತ. ಮುಂದಿನ ಟ್ರೇಲರ್ ಹತ್ತಿತು. ಟಪ್!

ಶೇಠ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಅವನು ಕೂತರೆ ನಡೆಯುತ್ತೆ, ನೀನು ಕೂತರೆ ಸಾಯುತ್ತೆ. ಏನು ಒತ್ತುತ್ತೀಯ ನೀನು? ಸಂಜೆಯೊಳಗೆ ಸರಿಯಾಗದಿದ್ದರೆ ನಾಳೆಯಿಂದ ಬರಬೇಡ," ಎಂದು ಹಿಂದಿಯಲ್ಲಿ ಗುಡುಗಿದ. ಹನ್ನೊಂದು ವರ್ಷ ಊರಿನ ಕಬ್ಬಿಣವೆಲ್ಲ ತೂಗಿದ ಯಜ್ಞೇಶ್ವರ ಈಗ ಕಳ್ಳನಂತೆ ನಿಂತಿದ್ದ.

ಆಗ ಬಾಗಿಲಲ್ಲಿ ಒಬ್ಬ ಕೆಮ್ಮಿದ. ಚೀಟಿಗಾಗಿ ಬೆಳಿಗ್ಗೆಯಿಂದ ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ, ಸರಕು ಹೊರುವ ಹಮಾಲ ಮಾನಪ್ಪ. ರಾಯಚೂರಿನವನು.

"ಸಾಹೇಬ್ರ, ಗಾಡಿ ಬ್ಯಾಡ್ರಿ. ಅದನ್ನ ಇಳಸ್ರಿ. ಕಂಪ್ಯೂಟರ್ ಚಾಲೂ ಮಾಡ್ರಿ."

ಹಾಸು ಖಾಲಿಯಾಯಿತು. ಪರದೆಯ ಮೇಲೆ ಸೊನ್ನೆ ಬಂತು.

"ಈಗ ನೀವು ಕುಂದರ್ರಿ. ಟ್ರೇಲರ್ ಬಂದಾಗ ಕುರ್ಚಿ ಹಿಂದಕ್ ಸರಿಸಿ, ಕಿಟಕ್ಯಾಗ ಬಗ್ಗಿ, ಹಿಂದಿನ ಗಾಲಿ ಹತ್ಯಾವೋ ಇಲ್ಲೋ ನೋಡ್ತೀರಲ್ಲ, ಹಂಗ ಮಾಡ್ರಿ."

ಯಜ್ಞೇಶ್ವರ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಬಗ್ಗಿದ. ಟಪ್!

ಗಾಡಿಯಿಲ್ಲ, ಭಾರವಿಲ್ಲ, ಕಂಪ್ಯೂಟರು ಕಪ್ಪು. ಮಾನಪ್ಪ ಕುರ್ಚಿಯ ಕೆಳಗಿನ ಚಾಪೆ ಎತ್ತಿದ. ಅದರಡಿ ಕಂಪ್ಯೂಟರಿಗೆ ಹೋಗುವ ವೈರು, ಕುರ್ಚಿಯ ಚಕ್ರ ಅರೆದೂ ಅರೆದೂ ಒಣಮೀನಿನಂತೆ ಚಪ್ಪಟೆಯಾಗಿತ್ತು. ಸಣ್ಣ ಗಾಡಿಗೆ ಯಜ್ಞೇಶ್ವರ ಹಿಂದೆ ಸರಿಯಬೇಕಿರಲಿಲ್ಲ, ಕೂತಲ್ಲಿಗೇ ಕಾಣುತ್ತಿತ್ತು. ಕಂಪ್ಯೂಟರಿಗೆ ತಡೆಯಲಾಗದ ಭಾರ ಟ್ರೇಲರಿನದ್ದಲ್ಲ, ಅವನದ್ದು.

ಗಲಾಟೆ ಕೇಳಿ ಮರಳಿ ಒಳಗೆ ಬಂದಿದ್ದ ಕೌಶಲ್ ಹೆಲ್ಮೆಟ್ ತೆಗೆದು ಎದೆಗೆ ಒತ್ತಿಕೊಂಡ. "ನಿಮಗೆ ಹೇಗೆ ಗೊತ್ತಾಯ್ತು?"

"ನೀವೆಲ್ಲಾ ಕಂಪ್ಯೂಟರ್ ನೋಡಾಕತ್ತಿದ್ರಿ. ನನಗ ಅದ್ರಾಗ ಏನೂ ತಿಳೀವಲ್ದು. ಅದಕ್ಕ ನಾ ಸಾಹೇಬ್ರನ್ನ ನೋಡ್ಕೋತ ಕುಂತೆ," ಎಂದ ಮಾನಪ್ಪ.

ಯಜ್ಞೇಶ್ವರನಿಗೆ ನಾಚಿಕೆಯಾಯಿತು, ಆದರೆ ಅದಕ್ಕಿಂತ ದೊಡ್ಡ ಬೆರಗಾಯಿತು. ನಾಲ್ಕು ಕ್ಲಾಸೂ ಓದಿರದ ಈ ಮನುಷ್ಯ, ಇಡೀ ಮಾರುಕಟ್ಟೆ ಕಾಣದ್ದನ್ನು ಕೂತಲ್ಲೇ ಕಂಡಿದ್ದ! ಕೈಯೆತ್ತಿ ಮುಗಿಯೋಣವೆನಿಸಿತು. ಹೊಸ ವೈರು ಹಾಕಿದ್ದಾಯಿತು, ಟ್ರೇಲರ್‌ಗಳು ಒಂದರ ಹಿಂದೊಂದು ತೂಗಿದ್ದಾಯಿತು. ಕೆಲಸ ಉಳಿಯಿತೆಂದು ಅವನು ನೆಮ್ಮದಿಯಿಂದ ಚಹಾ ತರಿಸಿದ.

ಲೋಟ ತುಟಿಗೆ ಹೋಗುವ ಮೊದಲೇ ಶೇಠ್ ಬಂದ. ಸುದ್ದಿ ಮಾರುಕಟ್ಟೆ ತುಂಬ ಹಬ್ಬಿತ್ತು. ಎದುರಿನ ಗೋದಾಮಿನಲ್ಲೂ ಒಂದು ಕಂಪ್ಯೂಟರು ಹೀಗೇ ನಡುನಡುವೆ ಆರುತ್ತದಂತೆ; 'ಡಾಕ್ಟರ್' ಮಾನಪ್ಪನನ್ನು ಕಳಿಸಿ ಎಂದು ಅವರು ಕೈ ಮುಗಿದಿದ್ದರಂತೆ.

"ಹೋಗ್ತೀನ್ರಿ," ಎಂದ ಮಾನಪ್ಪ. "ಆದ್ರ ಈ ಸಾಹೇಬ್ರು ಜೋಡಿಗೆ ಬರಬೇಕ್ರಿ. ಇವ್ರು ಕುಂತ್ರೇ ನನಗ ರೋಗ ಕಾಣೋದು."

ಶೇಠ್ ತಕ್ಷಣ ತಲೆಯಾಡಿಸಿದ. ಕಾಟಾಕ್ಕೆ ಸೋನಾಲಿ ಕೂರಲಿ ಎಂದ. ಯಜ್ಞೇಶ್ವರ ಬಾಯಿ ತೆರೆಯುವುದರೊಳಗೆ ಸೋನಾಲಿ ಅವನ ಕುರ್ಚಿಯಲ್ಲಿ ಕೂತು ಮುಂದಿನ ಗಾಡಿಯ ನಂಬರು ಹೊಡೆಯುತ್ತಿದ್ದಳು.

ಎದುರಿನ ಗೋದಾಮಿನಲ್ಲಿ ಜನ ಗುಂಪುಗೂಡಿದ್ದರು. ಯಜ್ಞೇಶ್ವರನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಮಾನಪ್ಪ ಕುಕ್ಕರಗಾಲಲ್ಲಿ ಕೂತು, ಕಣ್ಣು ಕಿರಿದು ಮಾಡಿ, "ಹಿಂದಕ್ ಸರೀರಿ," ಎಂದ. ಯಜ್ಞೇಶ್ವರ ಸರಿದ. "ಬಗ್ರಿ." ಬಗ್ಗಿದ. "ಒಂದೀಟು ಕುಣೀರಿ." ಹನ್ನೊಂದು ವರ್ಷದ ಸರ್ವಿಸಿನ ಯಜ್ಞೇಶ್ವರ ಕೂತಲ್ಲೇ ಕುಣಿದ.

ಕಂಪ್ಯೂಟರು ಆರಲಿಲ್ಲ. ಪರದೆ ಹಬ್ಬದ ದೀಪದಂತೆ ಉರಿಯುತ್ತಲೇ ಇತ್ತು.

ಮಾನಪ್ಪ ತುಂಬ ಹೊತ್ತು ಯೋಚಿಸಿದ. ನಂತರ ಎದ್ದು ಕೈ ಜಾಡಿಸಿ, ಗಂಭೀರವಾಗಿ ಹೇಳಿದ:

"ಮಷಿನ್ ಗಟ್ಟಿ ಐತ್ರಿ. ಸಾಹೇಬ್ರ ತೂಕಾನ ಕಮ್ಮಿ ಬಿತ್ತು."

ನೆರೆದವರೆಲ್ಲ ಭಕ್ತಿಯಿಂದ ತಲೆದೂಗಿದರು. ಆಮೇಲೆ ಒಟ್ಟಾಗಿ ಯಜ್ಞೇಶ್ವರನ ಕಡೆ ತಿರುಗಿ, ಇಷ್ಟೂ ಕೈಲಾಗದವನೇ ಎಂಬಂತೆ ನೋಡಿದರು.