ಕುರ್ಚಿ ಹೊತ್ತ ಮ್ಯಾನೇಜರ್

ನನ್ನ ಸೋದರಮಾವ ಗೆಲ್ಲಬಹುದಾಗಿದ್ದ ಕೇಸನ್ನು ಸೋತದ್ದು ಎದುರು ವಕೀಲರ ಜಾಣತನದಿಂದಲ್ಲ, ಸಂತೋಷ ತಡೆಯಲಾರದೆ! ನಗಬೇಡಿ, ಆವತ್ತು ನಾನೂ ಕೋರ್ಟಿನಲ್ಲಿದ್ದೆ.

ಮಾವ ಚಾಮರಾಜಪೇಟೆಯ ಒಂದು ಊದುಬತ್ತಿ ಕಂಪನಿಗೆ ಮ್ಯಾನೇಜರ್. ಮಾಡುತ್ತಿದ್ದುದು ಬಿಲ್ಲು ಬರೆಯುವುದು, ಪಾರ್ಸಲ್ ಕಟ್ಟಿಸುವುದು. ಆದರೂ ಬಸವನಗುಡಿಯ ಮನೆಯ ಬಾಗಿಲಿಗೆ ‘ಮ್ಯಾನೇಜರ್’ ಎಂದು ಹಿತ್ತಾಳೆಯ ಫಲಕ ಹಾಕಿಸಿ, ವಾರವಾರ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದರು. ದೇವರ ದೀಪಕ್ಕೂ ಆ ಭಾಗ್ಯವಿರಲಿಲ್ಲ.

ಹಳೆಯ ಸಾಹುಕಾರರು ತೀರಿಕೊಂಡು ಮಗ ಬಂದ. ಬಂದವನೇ ಮಾವನ ಕುರ್ಚಿ ತೆಗೆಸಿ, ಪ್ಯಾಕಿಂಗ್ ಕೋಣೆಯ ಮೂಲೆಯಲ್ಲಿ ಮರದ ಪೆಟ್ಟಿಗೆಯ ಮೇಲೆ ಕೂರಲು ಹೇಳಿದ. ಅವಮಾನವಾಗಿ ತಾನಾಗಿಯೇ ತೊಲಗಲಿ ಎಂಬ ಲೆಕ್ಕ. ಮಾವ ಬಿಟ್ಟಾರೆಯೇ? ಮರುದಿನ ಮನೆಯ ಬೆತ್ತದ ಕುರ್ಚಿಯನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ಹೊರಟರು! ಸಂಜೆ ಮತ್ತೆ ಹೊತ್ತು ತಂದರು. ಅದೇ ನಿತ್ಯದ ಪಾಡಾಯಿತು.

“ಅಲ್ಲೇ ಬಿಟ್ಟು ಬರಬಾರ್ದೇನ್ರಿ?” ಅತ್ತೆ ಕೇಳಿದರು.

“ಬಿಟ್ರೆ ಅದನ್ನೂ ತನ್ನದೇ ಅಂತಾನೆ ಕಣೇ.”

“ಎಲ್ಲರ ಗಂಡಂದಿರೂ ಊಟದ ಡಬ್ಬಿ ತಗೊಂಡ್ಹೋಗ್ತಾರೆ, ನಮ್ಮನೆಯವ್ರು ಫರ್ನಿಚರ್ ತಗೊಂಡ್ಹೋಗ್ತಾರೆ. ಭಾರೀ ಮ್ಯಾನೇಜರು!”

ಆ ಕುರ್ಚಿಯ ಮೇಲೆ ಕೂತು ನಾನೂ ಸೈಕಲ್ ಸವಾರಿ ಮಾಡಿದ ನೆನಪಿದೆ. ಸಾಧ್ಯವೇ ಇಲ್ಲ, ನಾನಾಗ ಕಾಲೇಜಿನಲ್ಲಿದ್ದೆ. ನೆನಪೂ ಮಾವನ ಹಾಗೆಯೇ. ಕರೆಯದಿದ್ದರೂ ಕುರ್ಚಿ ತಂದು ಹಾಕಿಕೊಳ್ಳುತ್ತದೆ.

ಕೊನೆಗೆ ಶಿಸ್ತು ಮೀರಿದರೆಂದು ಮಾವನನ್ನು ಕೆಲಸದಿಂದಲೇ ತೆಗೆದರು. ಮಾವ ಲೇಬರ್ ಕೋರ್ಟಿಗೆ ಹೋದರು. ಅವೆನ್ಯೂ ರಸ್ತೆಯ ನಮ್ಮ ವಕೀಲರು ಬಾಯಿಪಾಠ ಮಾಡಿಸಿದರು: “ಆ ಕೋರ್ಟಿರೋದು ಕೆಲಸಗಾರರಿಗೆ, ಮ್ಯಾನೇಜರ್‌ಗಳಿಗಲ್ಲ. ‘ಹೆಸರಿಗಷ್ಟೇ ಮ್ಯಾನೇಜರ್, ಕೆಲಸ ಗುಮಾಸ್ತನದು’ ಅನ್ನಿ ಸಾಕು, ನಿಮ್ಮ ಕೆಲಸ ವಾಪಸ್ ಬರುತ್ತೆ.” ಸತ್ಯವೂ ಅದೇ ಆಗಿತ್ತು!

ಕಟಕಟೆಯಲ್ಲಿ ನಿಂತ ಮಾವನನ್ನು ತೋರಿಸಿ ಸಾಹುಕಾರನ ವಕೀಲರು ಶುರುಮಾಡಿದರು: “ಇಡೀ ಕಂಪನಿ ನಡೆಸ್ತಿದ್ದೋರು ಇವ್ರೇ ಸ್ವಾಮಿ! ಇವರ ಮಾತಿಲ್ದೆ ಅಲ್ಲಿ ಒಂದು ಕಡ್ಡಿ ಅಲ್ಲಾಡ್ತಿರ್ಲಿಲ್ಲ. ಏನ್ ಸಾರ್, ನೀವು ಮ್ಯಾನೇಜರ್ ತಾನೆ?”

ಕೆಲಸದಲ್ಲಿದ್ದಾಗ ಪೆಟ್ಟಿಗೆ, ಕಿತ್ತುಹಾಕಿದ ಮೇಲೆ ಸಿಂಹಾಸನ! ನಮ್ಮ ವಕೀಲರು ಜೋರಾಗಿ ಕೆಮ್ಮಿದರು. ಮಾವ ಕೋಟಿನ ಗುಂಡಿ ಹಾಕಿಕೊಂಡರು.

“ಹೌದು ಸ್ವಾಮಿ, ಮ್ಯಾನೇಜರೇ!”

ಕೇಸು ಅಲ್ಲೇ ಬಿತ್ತು. ತೀರ್ಪು ಆಮೇಲಿನ ಶಾಸ್ತ್ರ. ಹೊರಗೆ ಬಂದು ನಮ್ಮ ವಕೀಲರು ತಲೆ ಚಚ್ಚಿಕೊಳ್ಳುತ್ತಿದ್ದರೆ ಮಾವ ನನ್ನ ಕಿವಿಯಲ್ಲಿ, “ಕೇಳಿಸ್ಕೊಂಡ್ಯಾ? ಅವರ ಬಾಯಲ್ಲೇ ಬಂತು!” ಎಂದರು.

ನಾನು ಮುಂಚೆಯೇ ಮನೆಗೆ ಬಂದು ಅತ್ತೆಗೆ ಸುದ್ದಿ ಮುಟ್ಟಿಸಿದೆ. ಮಾವನಿಗೆ ಇವತ್ತು ಮಂಗಳಾರತಿ ಖಂಡಿತ ಎಂದುಕೊಂಡು ಅದೇ ಬೆತ್ತದ ಕುರ್ಚಿಯಲ್ಲಿ ಕೂತೆ. ಗೇಟಿನ ಸದ್ದಾಯಿತು. ಮಾವನ ಮುಖದಲ್ಲಿ ಕೋರ್ಟಿನ ಹುರುಪಿರಲಿಲ್ಲ, ದಾರಿಯಲ್ಲೆಲ್ಲೋ ಅರ್ಥವಾಗಿರಬೇಕು. ಚಪ್ಪಲಿ ಬಿಡದೆ ಹೊಸ್ತಿಲಾಚೆಯೇ ನಿಂತರು.

ಅತ್ತೆ ಒಳಗಿನಿಂದ ಬಂದು ನನ್ನ ಭುಜ ತಟ್ಟಿದರು.

“ಏಳೋ. ಮ್ಯಾನೇಜರ್ ಬಂದ್ರು, ಕುರ್ಚಿ ಬಿಡು.”