ನನ್ನ ಭಾಷಣದ ರಿಪೇರಿ

ಬೆಳಗಾವಿಯ ಆಟೋ ನಗರದಲ್ಲಿ ನನ್ನದೊಂದು ಗ್ಯಾರೇಜಿದೆ. ಗಾಡಿ ಗೇಟು ದಾಟುವಷ್ಟರಲ್ಲೇ ಸದ್ದು ಕೇಳಿ ಅದರ ರೋಗ ಹೇಳುವವನು ನಾನು. ಇಂಥವನಿಗೆ ತನ್ನದೇ ಭಾಷಣದ ರೋಗ ಹುಡುಕುವುದು ಯಾವ ಮಹಾ ಕೆಲಸ ಎಂದುಕೊಂಡೆ. ಎಡವಿದ್ದು ಅಲ್ಲೇ!

ನನ್ನ ಹೆಂಡತಿ ಶಾಂತಾಳ ಅಣ್ಣ ಖಾನಾಪುರದಲ್ಲಿ ಹೆಡ್‌ಮಾಸ್ತರರು. ಅವರ ನಿವೃತ್ತಿ ಸಮಾರಂಭದಲ್ಲಿ ಬೀಗರ ಪರವಾಗಿ ನಾನು ಮಾತಾಡಬೇಕೆಂದು ಹೇಳಿ ಕಳಿಸಿದರು. ನಾನು ಒಪ್ಪಿಬಿಟ್ಟೆ. ಶಾಂತಾ ಕೈ ಮುಗಿದಳು.

"ಅದು ನನ್ನ ತವರಮನಿ ಊರ ಐತ್ರಿ. ಅಲ್ಲಿ ಮಂದಿ ಮುಂದ ನನ್ನ ಮಾನಾ ಕಳೀಬ್ಯಾಡ್ರಿ."

"ಚಿಂತಿ ಬಿಡ. ಹ್ವಾದ ತಿಂಗಳ ಗ್ಯಾರೇಜಿನವ್ರ ಮೀಟಿಂಗಿನ್ಯಾಗ ಮಾತಾಡಿದ್ದು ಮೊಬೈಲಿನ್ಯಾಗ ಐತಿ. ನೋಡಿ, ತಪ್ಪ ಹುಡುಕಿ, ಒಂದೊಂದ ರಿಪೇರಿ ಮಾಡ್ತೀನಿ."

ಇಬ್ಬರೂ ಕೂತು ವಿಡಿಯೋ ನೋಡಿದೆವು. ಅಯ್ಯೋ ದೇವರೇ! ಮಾತಿಗೊಮ್ಮೆ "ಏನಪಾ ಅಂದ್ರ" ಎನ್ನುತ್ತಿದ್ದೆ. ಕೈಗಳು ಪ್ಯಾಂಟನ್ನು ಮೇಲೆಳೆಯುವ ಕಾರ್ಯದಲ್ಲಿ ಮಗ್ನವಾಗಿದ್ದವು.

"ಯಾರೋ ಸತ್ತ ಸುದ್ದಿ ಹೇಳಾಕ ಬಂದಂಗ ಐತಿ ನಿಮ್ಮ ಮಾರಿ. ಒಂಚೂರು ನಗ್ರಿ!" ಎಂದಳು ಶಾಂತಾ.

ರಿಪೇರಿ ಆರಂಭವಾಯಿತು. "ಏನಪಾ ಅಂದ್ರ" ಬಾಯಿಗೆ ಬಂದರೆ ಬಾಯಿ ಮುಚ್ಚಿ ಸುಮ್ಮನೆ ನಿಲ್ಲುವುದು. ಎರಡೂ ಕೈಯಿಂದ ಮೇಜು ಹಿಡಿಯುವುದು. ಏನೇ ಆಗಲಿ, ನಗುವುದು. ಪೀರನವಾಡಿಯ ನಮ್ಮ ಮನೆಯ ಮಾಳಿಗೆ ಮೇಲೆ ಮೊಬೈಲ್ ನಿಲ್ಲಿಸಿ ದಿನಾ ಅಭ್ಯಾಸ, ದಿನಾ ಪರಿಶೀಲನೆ. ಬಾಜೂ ಮನೆಯ ಹಿರಿಯ ಹೆಂಗಸು, ಕಾಕು, ಬಟ್ಟೆ ಒಣಹಾಕಲು ಬಂದವರು ಗಾಬರಿಯಾದರು.

"ಶಾಂತಾ, ನಿಮ್ಮ ಮನಿಯವ್ರು ಒಬ್ಬರ ನಿಂತು ನಗಾಕತ್ತಾರಲ್ಲ, ಡಾಕ್ಟರಿಗೆ ತೋರಸವಾ!"

ಸಮಾರಂಭದ ದಿನ ಭಾವ ಹಾರ ಹಾಕಿಕೊಂಡು ವೇದಿಕೆಯಲ್ಲಿ ವಿರಾಜಮಾನರಾಗಿದ್ದರು. ಮುಂದಿನ ಸಾಲಿನಲ್ಲಿ ಶಾಂತಾ ಮೊಬೈಲ್ ಹಿಡಿದು ಕೂತಿದ್ದಳು. ನಾನು ಮೇಜು ಹಿಡಿದೆ, ನಕ್ಕೆ, ಹೋದ ವರ್ಷ ತೀರಿಕೊಂಡ ಅತ್ತೆಯಿಂದಲೇ ಆರಂಭಿಸಿದೆ.

"ಈ ಸಂತೋಷವನ್ನು ನೋಡಲು ಭಾವನವರ ತಾಯಿ, ನಮ್ಮ ಅತ್ತೆಯವರು, ಇಂದು ನಮ್ಮೊಂದಿಗಿಲ್ಲ..."

ಅಷ್ಟರಲ್ಲಿ "ಏನಪಾ ಅಂದ್ರ" ನಾಲಿಗೆಯ ತುದಿಗೆ ಬಂತು. ಬಾಯಿ ಮುಚ್ಚಿದೆ. ಸುಮ್ಮನೆ ನಿಂತೆ.

ಸಭೆಯೂ ಎದ್ದು ನಿಂತಿತು!

ನಮ್ಮ ಕಡೆ ವೇದಿಕೆಯಲ್ಲಿ ತೀರಿಕೊಂಡವರ ಹೆಸರೆತ್ತಿ ಸುಮ್ಮನಾದರೆ ಮೌನಾಚರಣೆ ಎಂದೇ ಅರ್ಥ. ಒಬ್ಬ ಹಿರಿಯರು "ಉಭೆ ರಾಹಾ" ಎಂದು ಮರಾಠಿಯಲ್ಲಿ ಪಿಸುಗುಟ್ಟಿದರು. "ಏಳ್ರಿ, ಮೌನ ಐತಿ" ಎಂದು ಇನ್ನೊಬ್ಬರು ಎದ್ದರು. ಹಾರದ ಸಮೇತ ಭಾವನೂ ಎದ್ದರು. ಮೊಬೈಲ್ ಹಿಡಿದೇ ಎದ್ದ ಶಾಂತಾಳೂ ಎಲ್ಲರಂತೆ ತಲೆ ತಗ್ಗಿಸಿ ಕಣ್ಣು ಮುಚ್ಚಿದಳು. ಈಗ ಮಾತಾಡಿದರೆ ಮೌನ ಮುರಿದ ಪಾಪ ನನಗೆ! ಕೊನೆಗೆ ನಿರೂಪಕರೇ "ಓಂ ಶಾಂತಿ" ಎಂದು ಎಲ್ಲರನ್ನೂ ಕೂರಿಸಿ, ನನ್ನ ಹೆಗಲಿಗೆ ಶಾಲು ಹೊದಿಸಿ, ಮುಂದಿನ ಭಾಷಣಕಾರರನ್ನು ಕರೆದರು. ನನ್ನದು ಮುಗಿದಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಭಾವ ಕಣ್ಣೊರೆಸಿಕೊಳ್ಳುತ್ತ ಬಂದು ಕೈ ಹಿಡಿದರು. "ಇಷ್ಟ ಮಂದಿ ಮಾತಾಡಿದ್ರು. ನಮ್ಮವ್ವನ್ನ ನೆನಸಿದವ್ರು ನೀವೊಬ್ಬರ ನೋಡ್ರಿ. ನಾನು ಕಣ್ಣ ಮುಚ್ಚಿದ್ದೆ, ಏನೂ ನೋಡಲಿಲ್ಲ. ಶಾಂತಾ, ಆ ವಿಡಿಯೋ ಮನಿ ಗ್ರೂಪಿಗೆ ಹಾಕವಾ."

"ಆಗಲೇ ಹಾಕೇನಿ ಅಣ್ಣಾ!" ಎಂದಳು ಶಾಂತಾ. ಅವಳ ಮುಖದಲ್ಲಿ ಅಂಥ ಹೆಮ್ಮೆಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ನಾನು ಹೆಗಲ ಮೇಲಿನ ಶಾಲನ್ನು ನೆಟ್ಟಗೆ ಮಾಡಿಕೊಂಡೆ.

ಬೆಳಗಾವಿಯ ಬಸ್ಸು ಹತ್ತಿದ ಮೇಲೆ, ಪದ್ಧತಿಯ ಪ್ರಕಾರ, ಪರಿಶೀಲನೆಗೆ ಕೂತೆವು. "ಏನಪಾ ಅಂದ್ರ" ಒಂದೂ ಇಲ್ಲ. ಕೈಗಳು ಮೇಜು ಬಿಟ್ಟಿಲ್ಲ. ರಿಪೇರಿ ಪೂರ್ತಿ ಯಶಸ್ವಿ! ವೇದಿಕೆಯ ಗಣ್ಯರೆಲ್ಲ ತಲೆ ತಗ್ಗಿಸಿದ್ದಾರೆ. ಭಾವನ ಕೆನ್ನೆಯ ಮೇಲೆ ಕಣ್ಣೀರು. ಅವರೆಲ್ಲರ ಮುಂದೆ ನಾನು, ಮೂವತ್ತೆರಡೂ ಹಲ್ಲು ಕಾಣುವಂತೆ ನಗುತ್ತ ನಿಂತಿದ್ದೇನೆ.

ಶಾಂತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಗ್ರೂಪಿನ್ಯಾಗ ಎಲ್ಲಾರೂ ನೋಡ್ಯಾರ್ರೀ..."

ಫೋನ್ ರಿಂಗಾಯಿತು. ಭಾವನದೇ. ಅವಳು ಅದನ್ನು ನನ್ನ ಕೈಗೆ ತುರುಕಿದಳು.

ಭಾವ ಬಹಳ ಮೆತ್ತಗೆ ಕೇಳಿದರು. "ನಮ್ಮವ್ವ ನಿಮಗ ಅಷ್ಟ ತ್ರಾಸ ಕೊಟ್ಟಿದ್ಲೇನ್ರೀ?"

ನಾನು ಬಾಯಿ ತೆರೆದೆ. "ಏನಪಾ ಅಂದ್ರ..."