ಬಾಲ ಮಾತ್ರ

ಭಾನುವಾರ ಬೆಳಗಾದರೆ ನನ್ನ ಗಂಡನಿಗೆ ನನ್ನ ಮುಖ ಬೇಡ, ಹಕ್ಕಿಯ ಮುಖ ಬೇಕು. ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡು ಹಕ್ಕಿ ತೋರಿಸುವ ಮೇಷ್ಟ್ರೊಬ್ಬರ ಗುಂಪಿನ ಜೊತೆ ಹೊರಟುಬಿಡುತ್ತಿದ್ದರು. "ಮನೇಲಿರೋಳು ಕಾಣಲ್ಲ, ಮರದ ಮೇಲಿರೋದು ಕಾಣುತ್ತಾ?" ಅಂತ ಇಪ್ಪತ್ತು ವರ್ಷ ಕೇಳಿದೆ. ಈಗ ಕೇಳೋಣವೆಂದರೆ ಅವರೇ ಇಲ್ಲ. ಹೋಗಿ ಐದು ತಿಂಗಳಾಯಿತು.

ಚಳಿ ಇಳಿದ ಮೇಲೆ ಸೊಸೆ ಆ ದುರ್ಬೀನು ತಂದು ನನ್ನ ಮಡಿಲಿಗೆ ಹಾಕಿದಳು.

"ಅತ್ತೆ, ಕರಿ ತಲೆ, ಹಳದಿ ಎದೆ ಹಕ್ಕಿ. ಒಂದು ಸಲ ಸರಿಯಾಗಿ ನೋಡ್ಬೇಕು ಅಂತ ಮಾವ ಒದ್ದಾಡ್ತಿದ್ರು. ಇನ್ನೊಂದು ವಾರಕ್ಕೆ ಅದು ದೂರ ದೇಶಕ್ಕೆ ಹೊರಟುಹೋಗುತ್ತಂತೆ. ಅವರ ಬದಲು ನೀವಾದ್ರೂ ನೋಡಿ."

"ನನಗೆ ಕಾಗೆ, ಗುಬ್ಬಿ ಬಿಟ್ರೆ ಮೂರನೇದು ಗೊತ್ತಿಲ್ಲ."

"ಮೇಷ್ಟ್ರು ತೋರಿಸ್ತಾರೆ. ನೀವು ಬಾಯಿ ಮುಚ್ಕೊಂಡಿದ್ರೆ ಸಾಕು."

(ಸೊಸೆ ಒಳ್ಳೆಯವಳು. ನಾಲಿಗೆ ಮಾತ್ರ ನನ್ನದೇ.)

ಹೋದೆ. ಎರಡು ಗಂಟೆ ಬಾಯಿ ಮುಚ್ಚಿಕೊಂಡು ನಡೆದೆ. ನನ್ನ ಜನ್ಮದಲ್ಲೇ ಅದು ದಾಖಲೆ. ಹೊಲದ ಅಂಚಿನಲ್ಲಿ ಯಾರೋ ಗೋಧಿ ಹರವಿದ್ದರು. ಮೇಷ್ಟ್ರು ಕೈ ಎತ್ತಿದರು. ಎಲ್ಲರೂ ಕಲ್ಲಾದರು. ಕರಿ ತಲೆ, ಹಳದಿ ಎದೆ. ಹಾರಿ ಬಂದು ಕಾಳಿಗೆ ಬಾಯಿ ಹಾಕಿತು.

ನನ್ನ ಕೈ ನನ್ನನ್ನು ಕೇಳಲಿಲ್ಲ. ನಲವತ್ತು ವರ್ಷ ತಾರಸಿಯಲ್ಲಿ ಕಾಳು ಕಾಯ್ದ ಕೈ. ಚಪ್ಪಾಳೆ ತಟ್ಟಿ, "ಹುಶ್, ಹೋಗ್ ಆಚೆ" ಅಂದೆ.

ಹೋಯಿತು.

ಹನ್ನೊಂದು ದುರ್ಬೀನು ನನ್ನ ಕಡೆ ತಿರುಗಿದವು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಿಡಲಿಲ್ಲ.

"ತಪ್ಪಾಯ್ತು ಮೇಷ್ಟ್ರೇ. ಅವರು ಕಾದ ಹಕ್ಕೀನೇ ಓಡಿಸ್ಬಿಟ್ಟೆ."

ಮೇಷ್ಟ್ರು ಚೀಲದಿಂದ ನನ್ನ ಗಂಡನ ನೋಟುಬುಕ್ಕು ತೆಗೆದರು. ಅವರ ಹತ್ತಿರವೇ ಉಳಿದಿತ್ತಂತೆ. ನನಗೆ ಅಕ್ಷರ ಕೂಡಿಸಲು ಹೊತ್ತು ಹಿಡಿಯುತ್ತದೆ. ಅವರೇ ಓದಿದರು.

"ನಮ್ಮ ತಾರಸಿಗೇ ಬಂದಿತ್ತು. ಬಾಲ ಮಾತ್ರ ಕಂಡಿತು. ಇವಳು ಓಡಿಸಿದಳು."

ಹಾಳೆ ತಿರುವಿದರು. ಮರುವರ್ಷವೂ ಅದೇ. ಅದರ ಮರುವರ್ಷವೂ.

"ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ನಾನೂ ಅದನ್ನೇ ಕೇಳ್ದೆ ಅಮ್ಮ. 'ಹೇಳಿದ್ರೆ ನೊಂದ್ಕೊಂಡು ಕಾಳು ಹರವೋದನ್ನೇ ಬಿಡ್ತಾಳೆ. ಆಮೇಲೆ ಹಕ್ಕಿ ಯಾಕೆ ಬರುತ್ತೆ' ಅಂದ್ರು."

ನಾನು ಸೆರಗಿನಿಂದ ದುರ್ಬೀನಿನ ಗಾಜು ಒರೆಸಿದೆ. ಗಾಜು ಒದ್ದೆಯಾಗಿರಲಿಲ್ಲ.

"ಈ ವರ್ಷದ್ದೂ ಬರೀರಿ. ಬಾಲ ಕಂಡಿತು ಅಂತ. ಓಡಿಸಿದ್ದು ಯಾರು ಅಂತ ಮಾತ್ರ ಬೇಡ."

ಮೇಷ್ಟ್ರು ಮುಂದಿನ ಹಾಳೆ ತೋರಿಸಿದರು. ಗಂಡನ ಅಕ್ಷರವೇ.

"'ಇವಳು ಓಡಿಸಿದಳು' ಅಂತ ಈ ವರ್ಷದ್ದನ್ನೂ ಅವರೇ ಮುಂಚೆ ಬರೆದಿಟ್ಟು ಹೋಗಿದ್ದಾರಮ್ಮ. ತಾರೀಕು ಮಾತ್ರ ಖಾಲಿ ಇದೆ."

ತಲೆ ತಗ್ಗಿಸಿಕೊಂಡು ತಾರೀಕು ಹೇಳಿದೆ.